ಫೈಟರ್ ಮೀನಿನ ಬೌಲ್ ನೀರು ಕೆಡದಂತೆ ನೋಡಿಕೊಳ್ಳುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬೆಟ್ಟಾ ಅಥವಾ ಫೈಟರ್ ಮೀನು ತಂದ ಮನೆಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆಯುತ್ತದೆ. ಭಾನುವಾರ ಬೆಳಿಗ್ಗೆ ಮೀನನ್ನು ಮಗ್ಗಿಗೆ ಹಾಕಿ, ಬೌಲಿನ ನೀರನ್ನೆಲ್ಲ ಚೆಲ್ಲಿ, ಗಾಜನ್ನೂ ಕಲ್ಲುಗಳನ್ನೂ ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನಲ್ಲಿ ನೀರು ತುಂಬಿ, ಮೀನನ್ನು ಮರಳಿ ಬಿಡುತ್ತಾರೆ. ನೀರು ಫಳಫಳ ಹೊಳೆಯುತ್ತದೆ. ಎರಡು ಮೂರು ದಿನಗಳಲ್ಲಿ ಮೀನು ಮೂಲೆ ಹಿಡಿಯುತ್ತದೆ, ಊಟ ಬಿಡುತ್ತದೆ, ಮುಂದಿನ ಭಾನುವಾರದೊಳಗೆ ಸತ್ತಿರುತ್ತದೆ. ಅಂಗಡಿಯವನು ರೋಗದ ಮೀನು ಕೊಟ್ಟನೆಂದು ಬೈದುಕೊಂಡು ಇನ್ನೊಂದನ್ನು ತರುತ್ತಾರೆ. ಅದೂ ಹಾಗೆಯೇ ಹೋಗುತ್ತದೆ.

ಬಹುಪಾಲು ಸಂದರ್ಭಗಳಲ್ಲಿ ಮೀನನ್ನು ಕೊಲ್ಲುವುದು ಈ ತೊಳೆಯುವ ಕ್ರಮವೇ. ಮೀನಿನ ಕೊಳೆಯಿಂದ ನೀರಿಗೆ ಸೇರುವ ಅಮೋನಿಯಾಕ್ಕೆ ಬಣ್ಣವಿಲ್ಲ, ನಲ್ಲಿ ನೀರಿನ ಕ್ಲೋರಿನ್‌ಗೂ ಬಣ್ಣವಿಲ್ಲ. ಹಾಗಾಗಿ ಕಣ್ಣಿಗೆ ತಿಳಿಯಾಗಿ ಕಂಡ ನೀರು ಮೀನಿಗೆ ವಿಷವಾಗಿರಬಹುದು, ಎಲೆಯ ಕಂದು ಬಣ್ಣ ಇಳಿದ ನೀರು ಅದಕ್ಕೆ ಹಿತವಾಗಿರಬಹುದು. ಥಾಯ್ಲೆಂಡ್ ಮತ್ತು ಸುತ್ತಮುತ್ತಲಿನ ಗದ್ದೆ, ಜೌಗುಗಳಲ್ಲಿ ಬದುಕುವ ಈ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಲ್ಯಾಬಿರಿಂತ್ ಎಂಬ ಅಂಗವಿದೆ. ಇದನ್ನೇ ಕಾರಣ ಮಾಡಿಕೊಂಡು ಲೋಟದಷ್ಟು ನೀರಿನಲ್ಲೂ ಬದುಕುತ್ತದೆ ಎಂದು ಮಾರುತ್ತಾರೆ. ಆ ಅಂಗದಿಂದ ಆಮ್ಲಜನಕದ ಕೊರತೆಯನ್ನು ನೀಗಿಸಿಕೊಳ್ಳಬಹುದೇ ಹೊರತು, ತನ್ನದೇ ಕೊಳೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಅನುಸರಿಸಬೇಕು. ಮೀನು ಈಗಾಗಲೇ ಮನೆಯಲ್ಲಿದ್ದರೂ ಮೊದಲ ಮೂರು ಹಂತಗಳನ್ನು ಬಿಡದೆ ಓದಿ, ಆಮೇಲೆ ನಾಲ್ಕಕ್ಕೆ ಹೋಗಿ.

ಮೊದಲೇ ಕೂಡಿಸಿಟ್ಟುಕೊಳ್ಳಬೇಕಾದ ಸಾಮಗ್ರಿ

ಮೀನಿಗಾಗಿಯೇ ಮೀಸಲಾದ ಎರಡು ಪ್ಲಾಸ್ಟಿಕ್ ಬಕೆಟ್‌ಗಳು ಬೇಕು: ಒಂದು ಹೊಸ ನೀರಿಗೆ, ಇನ್ನೊಂದು ತೆಗೆದ ನೀರಿಗೆ. ಬಟ್ಟೆ ಒಗೆಯುವ ಅಥವಾ ನೆಲ ಒರೆಸುವ ಬಕೆಟ್ ಬೇಡ; ಎಷ್ಟು ತೊಳೆದರೂ ಸೋಪಿನ ಅಂಶ ಗೀರುಗಳಲ್ಲಿ ಉಳಿದಿರುತ್ತದೆ. ಜೊತೆಗೆ ಒಂದೂವರೆ ಮೀಟರಿನ ತೆಳು ಪೈಪು, ತಳದ ಕಸ ಹೀರಲು ಸೂಜಿಯಿಲ್ಲದ ದೊಡ್ಡ ಸಿರಿಂಜು, ನೀರಿನ ಥರ್ಮಾಮೀಟರು, ಆಂಟಿ ಕ್ಲೋರಿನ್ ದ್ರಾವಣ, ಸಣ್ಣ ಸ್ಪಂಜ್ ಫಿಲ್ಟರು ಮತ್ತು ಅದಕ್ಕೊಂದು ಏರ್ ಪಂಪು ಇರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಕೊಳ್ಳದೇ ಬಿಡುವುದು, ಅಮೋನಿಯಾ, ನೈಟ್ರೈಟ್, ನೈಟ್ರೇಟ್ (ಈ ಮೂರರ ಸಂಬಂಧ ಹಂತ 4ರಲ್ಲಿದೆ) ಮತ್ತು ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದನ್ನು ಅಳೆಯುವ ಟೆಸ್ಟ್ ಕಿಟ್. ನಾಲ್ಕನ್ನೂ ಕೊಳ್ಳುವುದು ದುಬಾರಿ ಎನಿಸಿದರೆ ಅಮೋನಿಯಾದ್ದೊಂದನ್ನಾದರೂ ತನ್ನಿ. ಕುಡಿಯುವ ನೀರು ನೋಡಲು ಮನೆಯಲ್ಲಿಟ್ಟಿರುವ ಟಿಡಿಎಸ್ ಮೀಟರ್ ಇದಕ್ಕೆ ಬದಲಿಯಾಗದು. ಅದು ಕರಗಿದ ಲವಣಗಳ ಒಟ್ಟು ಪ್ರಮಾಣವನ್ನಷ್ಟೇ ಅಂದಾಜಿಸುತ್ತದೆ. ಅಮೋನಿಯಾ ಎಷ್ಟಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಹಂತ 1: ಬೌಲಿನ ಅಳತೆಯನ್ನು ಸರಿಪಡಿಸಿ

ಒಂದು ಲೀಟರ್ ಬಾಟಲಿಯಿಂದ ಬೌಲಿಗೆ ನೀರು ಸುರಿಯುತ್ತ ಅದು ನಿಜಕ್ಕೂ ಎಷ್ಟು ಹಿಡಿಯುತ್ತದೆಂದು ಲೆಕ್ಕ ಹಾಕಿ. ಅಂಗಡಿಯ ಗುಂಡನೆಯ ಬೌಲುಗಳು ನೋಡಲು ದೊಡ್ಡವಾದರೂ ಅನೇಕವು ಎರಡು ಮೂರು ಲೀಟರಿಗೇ ತುಂಬುತ್ತವೆ. ಅಷ್ಟು ನೀರಿನಲ್ಲಿ ಮೀನನ್ನು ಆರೋಗ್ಯವಾಗಿಡಲು ದಿನವೂ ನೀರು ಬದಲಿಸಬೇಕಾಗುತ್ತದೆ, ಮತ್ತು ಆ ಬದಲಾವಣೆಯೇ ಮೀನಿಗೆ ದಿನವೂ ಪೆಟ್ಟು ಕೊಡುತ್ತದೆ. ಕನಿಷ್ಠ 10 ಲೀಟರ್ ಇರಲಿ. 20 ಲೀಟರಿನ ಆಯತಾಕಾರದ ತೊಟ್ಟಿಯಾದರೆ ನಿಮ್ಮ ಕೆಲಸವೇ ಅರ್ಧಕ್ಕಿಳಿಯುತ್ತದೆ. ನೀರು ಹೆಚ್ಚಿದ್ದಷ್ಟೂ ಕೊಳೆ ತೆಳುವಾಗುತ್ತದೆ, ತಾಪಮಾನ ನಿಧಾನವಾಗಿ ಏರಿಳಿಯುತ್ತದೆ, ತಪ್ಪಾದರೂ ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಬೌಲಿನ ಬಾಯಿಯವರೆಗೆ ನೀರು ತುಂಬಬೇಡಿ. ಮೇಲೆ ನಾಲ್ಕೈದು ಬೆರಳಿನಷ್ಟು ಜಾಗ ಬಿಟ್ಟು, ರಂಧ್ರವಿರುವ ಮುಚ್ಚಳ ಹಾಕಿ. ಈ ಮೀನು ಚೆನ್ನಾಗಿ ಜಿಗಿಯುತ್ತದೆ. ತಳಕ್ಕೆ ಗೋಲಿ, ದಪ್ಪ ಬಣ್ಣದ ಕಲ್ಲುಗಳನ್ನು ಹಾಕಿದರೆ ಅವುಗಳ ಸಂದಿಯಲ್ಲಿ ಆಹಾರದ ತುಣುಕು ಸೇರಿ ಕೊಳೆಯುತ್ತದೆ. ಒಂದೆರಡು ಸೆಂಟಿಮೀಟರ್ ತೊಳೆದ ಮರಳು ಸಾಕು, ಅಥವಾ ತಳ ಬರಿದಾಗಿಯೇ ಇರಲಿ. ಬರಿದಾದ ತಳ ಅಂದವಲ್ಲದಿರಬಹುದು, ಆದರೆ ಹೊಸಬರಿಗೆ ಅದರಷ್ಟು ಸುಲಭವಾದದ್ದು ಬೇರೊಂದಿಲ್ಲ.

ಹಂತ 2: ನಿಮ್ಮ ಮನೆಯ ನೀರು ಯಾವುದೆಂದು ತಿಳಿಯಿರಿ

ಇಲ್ಲಿ ಎಡವುವವರೇ ಹೆಚ್ಚು, ಏಕೆಂದರೆ ಒಂದೇ ಮನೆಗೆ ವಾರದಲ್ಲಿ ಮೂರು ಬಗೆಯ ನೀರು ಬರುವುದುಂಟು. ಬೆಂಗಳೂರಿನಲ್ಲಿ ಕಾವೇರಿ ನೀರು ಒಂದು ದಿನ ಬಿಟ್ಟು ಒಂದು ದಿನ ಬಂದರೆ, ನಡುವೆ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಎಲ್ಲವೂ ಒಂದೇ ಸಂಪಿಗೆ ಸೇರುತ್ತವೆ. ಗಡಸುತನವೂ ಪಿಎಚ್‌ ಕೂಡ ಒಂದೊಂದಕ್ಕೆ ಒಂದೊಂದು. ಬೆಟ್ಟಾ ಪಿಎಚ್ 6.5ರಿಂದ 7.8ರವರೆಗಿನ ನೀರಿಗೆ ಹೊಂದಿಕೊಳ್ಳುತ್ತದೆ. ಆದರೆ ಈ ವಾರ ಒಂದು, ಮುಂದಿನ ವಾರ ಇನ್ನೊಂದು ಎಂದಾದರೆ ಸೊರಗುತ್ತದೆ. ಆದ್ದರಿಂದ ಒಂದೇ ಮೂಲವನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ನಗರಸಭೆಯ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡವೇ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆನ್ನುತ್ತದೆ. ನಮಗೆ ರಕ್ಷಣೆಯಾಗುವ ಈ ವಸ್ತು ಮೀನಿನ ಕಿವಿರನ್ನು ಸುಡುತ್ತದೆ. ಅಪಾರ್ಟ್‌ಮೆಂಟಿನ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ನಲ್ಲಿ ನೀರನ್ನು ಬಳಸಲೇಬೇಡಿ. ಮೊದಲೇ ಹಿಡಿದಿಟ್ಟ ನೀರಿನಿಂದ ನಿಭಾಯಿಸಿ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರದಿದ್ದರೂ ನೆಲದಾಳದಿಂದ ಬಂದಾಗ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಅದರ ಪಿಎಚ್ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಕೋಲಾರದಂಥ ಬಯಲುಸೀಮೆಯ ಜಿಲ್ಲೆಗಳಲ್ಲಿ ಕೆಲವು ಕೊಳವೆಬಾವಿಗಳ ನೀರಿನಲ್ಲೇ ನೈಟ್ರೇಟ್ ಹೆಚ್ಚಿರುತ್ತದೆ. ಆದ್ದರಿಂದ ಬೌಲಿನ ನೀರನ್ನು ಪರೀಕ್ಷಿಸುವ ಮೊದಲು ಮೂಲ ನೀರನ್ನೇ ಒಮ್ಮೆ ಪರೀಕ್ಷಿಸಿ. ಕರಾವಳಿ, ಮಲೆನಾಡಿನ ಕೆಂಪುಕಲ್ಲಿನ ನೆಲದ ಬಾವಿ ನೀರು ಇದಕ್ಕೆ ತದ್ವಿರುದ್ಧ: ಮೆದು, ತುಸು ಆಮ್ಲೀಯ. ಅಂಥ ನೀರಿನಲ್ಲಿ ಪಿಎಚ್ ಏಕಾಏಕಿ ಕುಸಿಯುವ ಸಂಭವವಿರುವುದರಿಂದ, ಚೆನ್ನಾಗಿ ಕುದಿಸಿ ತೊಳೆದ ಸಮುದ್ರದ ಚಿಪ್ಪಿನ ಒಂದೆರಡು ತುಂಡುಗಳನ್ನು ಹಾಕಿದರೆ ಸುಣ್ಣದಂಶ ನಿಧಾನವಾಗಿ ಇಳಿದು ಅದನ್ನು ತಡೆಯುತ್ತದೆ.

ಆರ್‌ಒ ನೀರು ಶುದ್ಧವೆಂದು ಅದನ್ನಷ್ಟೇ ತುಂಬುವವರಿದ್ದಾರೆ. ಮೀನಿಗೂ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಬೇಕಾದ ಖನಿಜಗಳು ಅದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಬೋರ್‌ವೆಲ್ ನೀರು ಅತಿ ಗಡಸಾಗಿದ್ದರೆ ಅರ್ಧಕ್ಕರ್ಧ ಆರ್‌ಒ ಬೆರೆಸಬಹುದು. ಬರೀ ಆರ್‌ಒ ಬೇಡ. ಉಪ್ಪಿನಿಂದ ನಡೆಯುವ ಸಾಫ್ಟ್‌ನರ್ ಯಂತ್ರದ ನೀರೂ ಬೇಡ, ತಾಮ್ರದ ಬಿಂದಿಗೆಯಲ್ಲಿಟ್ಟ ನೀರಂತೂ ಬೇಡವೇ ಬೇಡ. ತಾಮ್ರ ಮೀನಿಗೆ ವಿಷ.

ಹಂತ 3: ಹೊಸ ನೀರನ್ನು ಒಂದು ದಿನ ಮೊದಲೇ ಸಿದ್ಧಪಡಿಸಿ

ನೀರು ಬದಲಿಸುವ ಹಿಂದಿನ ದಿನ ಬಕೆಟ್ಟಿಗೆ ನೀರು ಹಿಡಿದು, ಬಾಟಲಿಯ ಮೇಲೆ ಬರೆದಿರುವ ಪ್ರಮಾಣದಲ್ಲಿ ಆಂಟಿ ಕ್ಲೋರಿನ್ ಹಾಕಿ ಕಲಕಿ. ಇದರಲ್ಲಿ ಸಾಮಾನ್ಯವಾಗಿ ಇರುವ ಸೋಡಿಯಂ ಥಯೋಸಲ್ಫೇಟ್ ಕ್ಲೋರಿನ್ನನ್ನು ಕೆಲವೇ ನಿಮಿಷಗಳಲ್ಲಿ ನಿಷ್ಕ್ರಿಯಗೊಳಿಸುತ್ತದೆ. ದ್ರಾವಣ ಸಿಗದಿದ್ದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ನೀರನ್ನು ತೆರೆದಿಟ್ಟು, ಆಗಾಗ ಮಗ್ಗಿನಿಂದ ಎತ್ತಿ ಸುರಿಯುತ್ತ 24ರಿಂದ 48 ಗಂಟೆ ಬಿಟ್ಟರೂ ಕ್ಲೋರಿನ್ ಗಾಳಿಗೆ ಹೋಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ಮಾತ್ರ ಈ ಎರಡನೆಯ ವಿಧಾನವನ್ನು ನಂಬಬಾರದು. ಅಲ್ಲಿನ ಅನೇಕ ನಗರಗಳು ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತವೆ. ಅದು ಒಂದೆರಡು ದಿನ ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಅಲ್ಲಿ ಕ್ಲೋರಮೈನ್‌ಗೂ ಅಮೋನಿಯಾಕ್ಕೂ ಕೆಲಸ ಮಾಡುತ್ತದೆಂದು ಬರೆದಿರುವ ದ್ರಾವಣವೇ ಬೇಕು.

ಬಕೆಟ್ಟಿನ ಬಾಯಿಗೆ ತೆಳುವಾದ ಪಂಚೆಯ ತುಂಡೊಂದನ್ನು ಕಟ್ಟಿ. ಗಾಳಿ ಆಡಬೇಕು, ಸೊಳ್ಳೆ ಮೊಟ್ಟೆಯಿಡಬಾರದು. ಮನೆಯೊಳಗೆ ಹೀಗೆ ಮರೆತುಬಿಟ್ಟ ತಿಳಿನೀರಿನ ಬಕೆಟ್ ಡೆಂಗ್ಯೂ ಹರಡುವ ಸೊಳ್ಳೆಗೆ ಬಲು ಇಷ್ಟವಾದ ಜಾಗ.

ಹಂತ 4: ಉಪಕಾರಿ ಬ್ಯಾಕ್ಟೀರಿಯಾ ಬೆಳೆಸಿ

ಈ ಹಂತ ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಮೀನು ತನ್ನ ಕಿವಿರುಗಳ ಮೂಲಕ ಸದಾ ಅಮೋನಿಯಾ ಹೊರಹಾಕುತ್ತಿರುತ್ತದೆ. ಮಲವೂ ಉಳಿದ ಆಹಾರವೂ ಕೊಳೆತು ಅದಕ್ಕೆ ಸೇರುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ನೈಟ್ರೈಟ್ ಕೂಡ ವಿಷವೇ, ಅದು ಮೀನಿನ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ತೀವ್ರತೆ ಬಹಳ ಕಡಿಮೆ, ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡುವುದಕ್ಕಿಂತ ಸ್ಪಂಜು, ಮರಳು, ಗಾಜಿನ ಮೈಗೆ ಅಂಟಿಕೊಂಡೇ ಹೆಚ್ಚಾಗಿ ಬೆಳೆಯುತ್ತವೆ. ಭಾನುವಾರ ಸೋಪು ಹಾಕಿ ಉಜ್ಜಿದಾಗ ಚರಂಡಿಗೆ ಹೋಗುವುದು ಇವೇ.

ಸ್ಪಂಜ್ ಫಿಲ್ಟರನ್ನು ಬೌಲಿನ ಮೂಲೆಯಲ್ಲಿಟ್ಟು ಏರ್ ಪಂಪಿಗೆ ಜೋಡಿಸಿ, ಗುಳ್ಳೆಗಳು ಮೆಲ್ಲಗೆ ಏಳುವಂತೆ ಕಂಟ್ರೋಲ್ ವಾಲ್ವ್ ತಿರುಗಿಸಿ. ಉದ್ದ ರೆಕ್ಕೆಯ ಈ ಮೀನು ಬಿರುಸಾದ ಸೆಳೆತವನ್ನು ಸಹಿಸದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿನ ಶೆಲ್ಫಿನಲ್ಲಿಡಿ. ಕೆಳಗಿಟ್ಟರೆ ಕರೆಂಟ್ ಹೋದ ಹೊತ್ತಿನಲ್ಲಿ ನೀರು ಪೈಪಿನ ಮೂಲಕ ಹಿಮ್ಮುಖವಾಗಿ ಹರಿದು ಪಂಪಿಗೂ ಪ್ಲಗ್ಗಿಗೂ ಇಳಿಯುತ್ತದೆ.

ಮೀನು ಇನ್ನೂ ಬಂದಿಲ್ಲದಿದ್ದರೆ ಫಿಲ್ಟರ್ ಚಾಲೂ ಮಾಡಿ, ದಿನವೂ ಎರಡು ಮೂರು ಕಾಳು ಮೀನಿನ ಆಹಾರ ಹಾಕುತ್ತ ಬನ್ನಿ. ಕಿಟ್ಟಿನಲ್ಲಿ ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ, ಕೊನೆಗೆ ಎರಡೂ ಸೊನ್ನೆಯಾಗಿ ನೈಟ್ರೇಟ್ ಮಾತ್ರ ಕಾಣಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಈಗಾಗಲೇ ಆರೋಗ್ಯವಾಗಿ ನಡೆಯುತ್ತಿರುವ ಅಕ್ವೇರಿಯಂ ಇರುವ ಗೆಳೆಯರಿದ್ದರೆ ಅವರ ಹಳೆಯ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಕಟ್ಟಿ. ಈ ಕಾಲ ಬಹಳ ಕಡಿಮೆಯಾಗುತ್ತದೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಕ್ಕಿಂತ ಈ ತುಂಡು ಸ್ಪಂಜಿನ ಮೇಲೆ ನನಗೆ ಹೆಚ್ಚು ಭರವಸೆ.

ಮೀನು ಈಗಾಗಲೇ ಬೌಲಿನಲ್ಲಿದ್ದರೆ ಅದರೊಂದಿಗೇ ಈ ವಾರಗಳನ್ನು ದಾಟಬೇಕಾಗುತ್ತದೆ. ಆಗ ಊಟವನ್ನು ಅರ್ಧಕ್ಕಿಳಿಸಿ, ದಿನ ಬಿಟ್ಟು ದಿನ ಅಮೋನಿಯಾ ಮತ್ತು ನೈಟ್ರೈಟ್ ಅಳೆಯಿರಿ. ಎರಡರಲ್ಲಿ ಯಾವುದಾದರೂ 0.25 ಪಿಪಿಎಂ (ಲೀಟರಿಗೆ 0.25 ಮಿಲಿಗ್ರಾಂ) ತಲುಪಿದರೆ ಅಂದೇ ಮೂರನೇ ಒಂದು ಭಾಗ ನೀರು ಬದಲಿಸಿ. ಪಿಎಚ್ ಹೆಚ್ಚಿರುವ ಬೋರ್‌ವೆಲ್ ನೀರಿನವರು ಇನ್ನಷ್ಟು ಎಚ್ಚರದಿಂದಿರಬೇಕು. ನೀರಿನ ತಾಪ 25 ಡಿಗ್ರಿ ಇದ್ದು ಪಿಎಚ್ 7 ಆಗಿದ್ದರೆ ಒಟ್ಟು ಅಮೋನಿಯಾದಲ್ಲಿ ತೀವ್ರ ವಿಷಕಾರಿ ರೂಪದ್ದು ಶೇ 1ಕ್ಕೂ ಕಡಿಮೆ. ಪಿಎಚ್ 8 ಆದಾಗ ಅದು ಸುಮಾರು ಶೇ 5ಕ್ಕೇರುತ್ತದೆ. ಕಿಟ್ಟಿನ ಬಣ್ಣ ಎರಡೂ ಕಡೆ ಒಂದೇ, ಮೀನಿಗೆ ಬೀಳುವ ಪೆಟ್ಟು ಒಂದೇ ಅಲ್ಲ.

ಹಂತ 5: ನೀರು ಬದಲಿಸುವ ಸರಿಯಾದ ಕ್ರಮ

ಎಷ್ಟು ದಿನಕ್ಕೊಮ್ಮೆ ಎಂಬುದು ಬೌಲಿನ ಗಾತ್ರವನ್ನೂ ಫಿಲ್ಟರನ್ನೂ ಅವಲಂಬಿಸಿದೆ. ಬ್ಯಾಕ್ಟೀರಿಯಾ ಬೆಳೆದು ಪಳಗಿದ ಸ್ಪಂಜ್ ಫಿಲ್ಟರ್ ಇರುವ 10ರಿಂದ 20 ಲೀಟರಿನ ತೊಟ್ಟಿಗೆ ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಸಾಕು. ಫಿಲ್ಟರ್ ಇಲ್ಲದ 10 ಲೀಟರಿಗೆ ವಾರಕ್ಕೆ ಮೂರು ಬಾರಿ ಅಷ್ಟೇ ಪ್ರಮಾಣ. ಸದ್ಯಕ್ಕೆ ಐದು ಲೀಟರಿನ ಬೌಲೇ ಗತಿ ಎಂದಾದರೆ ದಿನ ಬಿಟ್ಟು ದಿನ ಸುಮಾರು ಅರ್ಧ ನೀರು ಬದಲಿಸಬೇಕು, ಮತ್ತು ದೊಡ್ಡದನ್ನು ಆದಷ್ಟು ಬೇಗ ತರಬೇಕು. ಕ್ರಮ ಹೀಗಿರಲಿ:

1. ಹೀಟರ್ ಮತ್ತು ಪಂಪಿನ ಪ್ಲಗ್ ತೆಗೆಯಿರಿ. ನೀರಿನಿಂದ ಹೊರಬಿದ್ದ ಬಿಸಿ ಹೀಟರಿನ ಗಾಜು ಸೀಳುತ್ತದೆ.

2. ಕೈಯನ್ನು ಬರೀ ನೀರಿನಲ್ಲಿ ಮೊಣಕೈವರೆಗೆ ತೊಳೆಯಿರಿ. ಸೋಪು, ಸ್ಯಾನಿಟೈಸರ್, ಕೊಬ್ಬರಿ ಎಣ್ಣೆ, ಕ್ರೀಮು ಯಾವುದೂ ಕೈಮೇಲೆ ಇರಬಾರದು.

3. ಹೊಸ ನೀರಿನ ತಾಪಮಾನವನ್ನೂ ಬೌಲಿನ ತಾಪಮಾನವನ್ನೂ ಅಳೆಯಿರಿ. ವ್ಯತ್ಯಾಸ ಒಂದೆರಡು ಡಿಗ್ರಿಗಿಂತ ಹೆಚ್ಚಿದ್ದರೆ, ಕ್ಲೋರಿನ್ ತೆಗೆದ ನೀರನ್ನೇ ಸ್ವಲ್ಪ ಕಾಯಿಸಿ ಬೆರೆಸಿ ಸರಿಮಾಡಿ. ಕೈಯಿಂದ ಮುಟ್ಟಿ ನೋಡುವ ಅಂದಾಜು ಮೋಸ ಮಾಡುತ್ತದೆ.

4. ಮೀನನ್ನು ಹೊರತೆಗೆಯದೆ, ಪೈಪಿನ ಒಂದು ತುದಿಯನ್ನು ತಳದ ಮೇಲೆ ಆಡಿಸುತ್ತ ಕಸದೊಂದಿಗೆ ನೀರನ್ನು ಎರಡನೆಯ ಬಕೆಟ್ಟಿಗೆ ಇಳಿಸಿ. ಪೈಪನ್ನು ಮೊದಲೇ ನೀರಿನಿಂದ ತುಂಬಿಸಿ ಹೆಬ್ಬೆರಳಿನಿಂದ ಮುಚ್ಚಿ ಕೆಳಗಿಳಿಸಿ ಬಿಟ್ಟರೆ ಬಾಯಿಂದ ಎಳೆಯುವ ಅಗತ್ಯವಿಲ್ಲ. ಮೀನಿನ ಬಾಲ ಪೈಪಿನ ಬಾಯಿಗೆ ಸಿಕ್ಕದಂತೆ ತುದಿಗೆ ತೆಳು ಬಲೆಬಟ್ಟೆ ಕಟ್ಟಿ.

5. ಗಾಜಿನ ಒಳಮೈಗೆ ಪಾಚಿ ಕಟ್ಟಿದ್ದರೆ ಹೊಸ ಸ್ಪಂಜಿನಿಂದ ಎದುರಿನ ಗಾಜನ್ನು ಮಾತ್ರ ಒರೆಸಿ. ಉಳಿದ ಮೂರು ಬದಿಗಳನ್ನು ಹಾಗೆಯೇ ಬಿಡಿ.

6. ಫಿಲ್ಟರಿನ ಸ್ಪಂಜು ಕಟ್ಟಿಕೊಂಡು ಗುಳ್ಳೆ ಕಡಿಮೆಯಾಗಿದ್ದರೆ, ಅದನ್ನು ಈಗಷ್ಟೇ ತೆಗೆದ ಬೌಲಿನ ನೀರಿನಲ್ಲೇ ಅದ್ದಿ ಎರಡು ಮೂರು ಸಲ ಹಿಂಡಿ. ಕಂದು ರಾಡಿ ಹೊರಬರುತ್ತದೆ. ಸ್ಪಂಜು ಹೊಸದರಂತೆ ಕಾಣುವವರೆಗೆ ಹಿಂಡಬೇಡಿ. ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್ ನಿಮ್ಮ ವಾರಗಳ ಶ್ರಮವನ್ನು ಒಂದೇ ನಿಮಿಷದಲ್ಲಿ ತೊಳೆದುಹಾಕುತ್ತದೆ.

7. ಹೊಸ ನೀರನ್ನು ತೆಳು ಪೈಪಿನಿಂದ ಅಥವಾ ಸಣ್ಣ ಲೋಟದಿಂದ ಬೌಲಿನ ಗೋಡೆಗೆ ತಾಗಿಸಿ ನಿಧಾನವಾಗಿ ಇಳಿಸಿ. ಹತ್ತು ಹದಿನೈದು ನಿಮಿಷ ಹಿಡಿದರೆ ಹಿಡಿಯಲಿ.

8. ಮೊದಲು ಪಂಪನ್ನು ಚಾಲೂ ಮಾಡಿ, ಹೀಟರ್ ಪೂರ್ತಿ ಮುಳುಗಿದೆಯೆಂದು ನೋಡಿಕೊಂಡು ಅದನ್ನೂ ಚಾಲೂ ಮಾಡಿ. ತೆಗೆದ ನೀರನ್ನು ತುಳಸಿ ಗಿಡಕ್ಕೋ ಕುಂಡಕ್ಕೋ ಹಾಕಿ. ನೈಟ್ರೇಟ್ ಗಿಡಗಳಿಗೆ ಗೊಬ್ಬರ.

ಆವಿಯಾಗಿ ಕಡಿಮೆಯಾದ ನೀರನ್ನು ಮೇಲಿಂದ ತುಂಬಿಸುವುದನ್ನೇ ನೀರು ಬದಲಿಸುವುದೆಂದು ಅನೇಕರು ಭಾವಿಸಿದ್ದಾರೆ. ಆವಿಯಾಗುವುದು ಬರೀ ನೀರು. ಲವಣ, ನೈಟ್ರೇಟ್ ಎಲ್ಲವೂ ಬೌಲಿನಲ್ಲೇ ಉಳಿದು ವಾರದಿಂದ ವಾರಕ್ಕೆ ದಟ್ಟವಾಗುತ್ತವೆ. ಗಾಜಿನ ಅಂಚಿನಲ್ಲಿ ಬಿಳಿ ಪಟ್ಟೆ ಕಟ್ಟಿದ್ದರೆ ಅದೇ ಇದರ ಗುರುತು. ಮೊದಲು ತೆಗೆದು ಆಮೇಲೆ ತುಂಬಬೇಕು.

ತಿಂಗಳುಗಟ್ಟಲೆ ನೀರು ಬದಲಿಸದೆ ಬಿಟ್ಟಿದ್ದ ಬೌಲ್ ಆದರೆ ಒಮ್ಮೆಲೇ ಅರ್ಧ ನೀರು ಬದಲಿಸುವುದೂ ಅಪಾಯ. ಅಂಥ ನೀರಿನ ಪಿಎಚ್ ಬಹಳ ಇಳಿದಿರುತ್ತದೆ, ಅದರಲ್ಲಿ ಅಮೋನಿಯಾ ಕಡಿಮೆ ವಿಷಕಾರಿ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಹೆಚ್ಚು ಪಿಎಚ್‌ನ ಹೊಸ ನೀರು ಒಮ್ಮೆಗೇ ಬಿದ್ದರೆ ಅದೆಲ್ಲ ತೀವ್ರ ರೂಪಕ್ಕೆ ತಿರುಗುತ್ತದೆ. ದಿನಕ್ಕೆ ಶೇ 10ರಿಂದ 15ರಂತೆ ಒಂದು ವಾರ ಬದಲಿಸಿ, ನಂತರ ಮಾಮೂಲಿ ಕ್ರಮಕ್ಕೆ ಬನ್ನಿ.

ಹಂತ 6: ಊಟದ ಕೈಯನ್ನು ಬಿಗಿಹಿಡಿಯಿರಿ

ನೀರು ಕೆಡಿಸುವುದರಲ್ಲಿ ಮೀನಿಗಿಂತ ಮನೆಯವರ ಪಾಲು ದೊಡ್ಡದು. ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಜ್ಜಿ, ಸಂಜೆ ಮಕ್ಕಳು ಒಂದೊಂದು ಚಿಟಿಕೆ ಹಾಕಿದರೆ ಯಾವ ಫಿಲ್ಟರೂ ತಡೆಯದು. ಬೆಳೆದ ಬೆಟ್ಟಾಕ್ಕೆ ಬೆಳಿಗ್ಗೆ ಎರಡು ಮೂರು, ಸಂಜೆ ಎರಡು ಮೂರು ಸಣ್ಣ ಕಾಳು ಆಹಾರ ಸಾಕು. ವಾರಕ್ಕೊಂದು ದಿನ ಉಪವಾಸ ಇಟ್ಟರೆ ಅದಕ್ಕೇನೂ ಆಗುವುದಿಲ್ಲ. ಒಬ್ಬರೇ ಊಟ ಹಾಕುವುದೆಂದು ಮನೆಯಲ್ಲಿ ನಿಗದಿ ಮಾಡಿಕೊಳ್ಳಿ. ಹತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಸಿರಿಂಜಿನಿಂದ ಹೀರಿ ತೆಗೆಯಿರಿ. ಅನ್ನದ ಅಗುಳು, ಬ್ರೆಡ್ಡು, ಬಿಸ್ಕತ್ತಿನ ಪುಡಿ ಹಾಕಬೇಡಿ; ಬೆಟ್ಟಾ ಮಾಂಸಾಹಾರಿ, ಹುಳುಹುಪ್ಪಟೆ ತಿನ್ನುವ ಮೀನು.

ಗಾಜಿನ ಮೇಲೆ ದಾರದೆಳೆಯಂಥ ಬಿಳಿ ಹುಳುಗಳು ಹರಿದಾಡುತ್ತಿದ್ದರೆ ಅವು ಸಾಮಾನ್ಯವಾಗಿ ಮೀನಿಗೆ ಹಾನಿ ಮಾಡುವುದಿಲ್ಲ. ಊಟ ಹೆಚ್ಚಾಗಿದೆ, ತಳದಲ್ಲಿ ಕಸ ಉಳಿದಿದೆ ಎಂಬುದನ್ನು ಅವು ಹೇಳುತ್ತವೆ.

ಹಂತ 7: ತಾಪಮಾನ

24ರಿಂದ 28 ಡಿಗ್ರಿ ಇರಬೇಕು, ದಿನದಲ್ಲಿ ಹೆಚ್ಚು ಏರಿಳಿಯಬಾರದು. ಬೆಂಗಳೂರು, ಮೈಸೂರು, ಮಡಿಕೇರಿಯ ಚಳಿಗಾಲಕ್ಕೆ ಹೀಟರ್ ಬೇಕು: 10 ಲೀಟರಿಗೆ 25 ವ್ಯಾಟ್, 20 ಲೀಟರಿಗೆ 50 ವ್ಯಾಟ್. ನಿಗದಿತ ತಾಪ ತಲುಪಿದಾಗ ತಾನೇ ಆರುವಂಥದ್ದನ್ನೇ ತನ್ನಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು. ಬೌಲನ್ನು ಮನೆಯ ತಂಪಾದ ಕೋಣೆಯ ನೆಲಕ್ಕೆ ಹತ್ತಿರವಿಟ್ಟು, ಮುಚ್ಚಳದ ಬದಲು ಬಲೆ ಹಾಕಿ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತೆ ಮಾಡಿ. ಐಸ್ ತುಂಡು ಹಾಕಬೇಡಿ. ನೇರ ಬಿಸಿಲು ಬೀಳುವ ಕಿಟಕಿಯಲ್ಲಿ ಯಾವ ಊರಿನಲ್ಲೂ ಇಡಬಾರದು.

ಹಂತ 8: ಗಿಡ ಮತ್ತು ಬಾದಾಮಿ ಎಲೆ

ಗಿಡಗಳು ಅಮೋನಿಯಾವನ್ನೂ ನೈಟ್ರೇಟನ್ನೂ ಹೀರಿಕೊಳ್ಳುತ್ತವೆ. ಜಾವಾ ಫರ್ನ್, ಅನುಬಿಯಾಸ್, ಜಾವಾ ಮಾಸ್ ಮೂರಕ್ಕೂ ಹೆಚ್ಚು ಬೆಳಕು ಬೇಡ, ಮಣ್ಣೂ ಬೇಡ. ಇದೂ ಕಷ್ಟವೆನಿಸಿದರೆ ಮನಿ ಪ್ಲಾಂಟಿನ ಒಂದು ಕುಡಿಯನ್ನು ಬೇರು ನೀರಿನೊಳಗೆ, ಎಲೆಗಳು ಹೊರಗೆ ಇರುವಂತೆ ಮುಚ್ಚಳದ ರಂಧ್ರದಲ್ಲಿ ಸಿಕ್ಕಿಸಿ. ಬೇರು ಇಳಿದಂತೆ ಅದು ನೈಟ್ರೇಟನ್ನು ಚೆನ್ನಾಗಿ ಎಳೆಯುತ್ತದೆ. ಕೊಳೆತ ಎಲೆ ಕಂಡ ಕೂಡಲೇ ಕಿತ್ತುಹಾಕಿ, ಇಲ್ಲದಿದ್ದರೆ ಗಿಡವೇ ಕೊಳೆಯ ಮೂಲವಾಗುತ್ತದೆ. ಚೂಪು ಅಂಚಿನ ಪ್ಲಾಸ್ಟಿಕ್ ಗಿಡಗಳು ಮೀನಿನ ರೆಕ್ಕೆಯನ್ನು ಹರಿಯುತ್ತವೆ; ಅವುಗಳಿಂದ ನೀರಿಗೆ ಲಾಭವೂ ಇಲ್ಲ.

ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಕಂದು ಎಲೆಯನ್ನು ತೊಳೆದು ಹಾಕುವ ರೂಢಿ ಒಳ್ಳೆಯದೇ. 10 ಲೀಟರಿಗೆ ಅಂಗೈಯಗಲದ ತುಂಡು ಸಾಕು. ಅದರ ಟ್ಯಾನಿನ್ ನೀರನ್ನು ಚಹಾದ ಬಣ್ಣಕ್ಕೆ ತರುತ್ತದೆ, ಶಿಲೀಂಧ್ರವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ವಾಹನಗಳ ಹೊಗೆಯಲ್ಲಿ ನಿಂತ ಮರದ್ದನ್ನೂ ಔಷಧಿ ಸಿಂಪಡಿಸುವ ಉದ್ಯಾನದ್ದನ್ನೂ ಬಿಡಿ. ಎಲೆ ಹಾಕಿದ್ದೇನೆಂದು ನೀರು ಬದಲಿಸುವುದನ್ನು ಮುಂದೂಡುವಂತಿಲ್ಲ. ಅಮೋನಿಯಾವನ್ನು ಎಲೆ ತೆಗೆಯುವುದಿಲ್ಲ.

ಕಲ್ಲುಪ್ಪನ್ನು ವಾರವಾರ ಹಾಕುವ ಅಭ್ಯಾಸವನ್ನು ಬಿಡಬೇಕು. ಉಪ್ಪು ಆವಿಯಾಗದು, ಪ್ರತಿ ಸಲ ಹಾಕಿದ್ದು ಹಿಂದಿನದಕ್ಕೆ ಕೂಡುತ್ತ ಹೋಗುತ್ತದೆ. ನೈಟ್ರೈಟ್ ಏರಿದ ಸಮಯದಲ್ಲಿ ಮಾತ್ರ 10 ಲೀಟರಿಗೆ 1 ಗ್ರಾಂ ಉಪ್ಪನ್ನು ಕರಗಿಸಿ ಒಮ್ಮೆ ಹಾಕುವುದರಿಂದ ನೈಟ್ರೈಟ್ ಕಿವಿರಿನ ಮೂಲಕ ಒಳಹೋಗುವುದು ಕಡಿಮೆಯಾಗುತ್ತದೆ.

ಹಂತ 9: ಕೋಣೆಯ ಗಾಳಿಯನ್ನೂ ಕಾಯಿರಿ

ಇದನ್ನು ಬಹುತೇಕ ಯಾರೂ ಯೋಚಿಸುವುದಿಲ್ಲ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ದ್ರವ, ಜಿರಳೆ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್ ರಾಸಾಯನಿಕಗಳು ಮೀನುಗಳಿಗೆ ಅತಿ ವಿಷಕಾರಿ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಬೆಟ್ಟಾ ಅದೇ ಗಾಳಿಯನ್ನು ಮೇಲೆ ಬಂದು ಉಸಿರಾಡುತ್ತದೆ. ಮೀನಿರುವ ಕೋಣೆಯಲ್ಲಿ ಇವನ್ನು ಬಳಸದೆ ಕಿಟಕಿಗೆ ಬಲೆ ಹಾಕಿ. ದೇವರ ಮನೆಯ ಊದುಬತ್ತಿ, ಧೂಪದ ಪಕ್ಕದಲ್ಲೂ ಬೌಲ್ ಬೇಡ. ಬೀದಿಯಲ್ಲಿ ಫಾಗಿಂಗ್ ಯಂತ್ರದ ಸದ್ದು ಕೇಳಿದರೆ ಕಿಟಕಿ ಮುಚ್ಚಿ, ಪಂಪನ್ನು ನಿಲ್ಲಿಸಿ, ಬೌಲಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಹೊಗೆ ಇಳಿದ ಮೇಲೆ ತೆಗೆಯಿರಿ.

ಎಚ್ಚರಿಕೆಯ ಸೂಚನೆಗಳನ್ನು ಓದುವುದು

ಬೆಟ್ಟಾ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಳ್ಳುವುದು ಸಹಜ. ಮೇಲೆಯೇ ನಿಂತು ಬಾಯಿ ಬಡಿಯುತ್ತಿದ್ದರೆ, ಕಿವಿರಿನ ಅಂಚು ಕೆಂಪಾಗಿದ್ದರೆ, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಬಿದ್ದಿದ್ದರೆ ಮೊದಲ ಅನುಮಾನ ಅಮೋನಿಯಾ ಅಥವಾ ನೈಟ್ರೈಟಿನ ಮೇಲಿರಲಿ. ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಹೀಗಾದರೆ ಕ್ಲೋರಿನ್ ಉಳಿದಿತ್ತು ಅಥವಾ ತಾಪಮಾನ ಹೊಂದಿರಲಿಲ್ಲ ಎಂದರ್ಥ. ರೆಕ್ಕೆಯ ತುದಿ ಕಪ್ಪಾಗಿಯೋ ಕೆಂಪಾಗಿಯೋ ಕರಗುತ್ತ ಬರುವುದು ಫಿನ್ ರಾಟ್. ಬಹಳಷ್ಟು ಸಲ ಇದರ ಮೂಲ ಕೊಳೆ ನೀರೇ, ಆರಂಭದಲ್ಲಿ ನೀರು ಸರಿಪಡಿಸಿದರೆ ಔಷಧಿಯಿಲ್ಲದೆ ಗುಣವಾಗುತ್ತದೆ. ಹುರುಪೆಗಳು ನಿಮಿರಿ ಹೊಟ್ಟೆ ಊದಿದ್ದರೆ ಸ್ಥಿತಿ ಗಂಭೀರ.

ನೀರು ಕೂಡ ಮಾತಾಡುತ್ತದೆ. ಹೊಸ ಬೌಲಿನಲ್ಲಿ ನೀರು ಹಾಲು ಬೆರೆಸಿದಂತಾಗುವುದು ಬ್ಯಾಕ್ಟೀರಿಯಾಗಳ ಒಮ್ಮೆಲೇ ಏರಿಕೆ. ಊಟ ಕಡಿಮೆ ಮಾಡಿ ಕಾದರೆ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ, ಗಾಬರಿಯಾಗಿ ಎಲ್ಲ ಚೆಲ್ಲಿದರೆ ಮತ್ತೆ ಮೊದಲಿಂದ ಶುರು. ಹಸಿರು ನೀರು ಬೆಳಕು ಹೆಚ್ಚಾದುದರ ಗುರುತು. ಮೇಲ್ಮೈಯಲ್ಲಿ ಎಣ್ಣೆಯಂಥ ಪೊರೆ ಕಟ್ಟಿದರೆ ಸಾದಾ ಕಾಗದದ ಹಾಳೆಯನ್ನು ಒಂದು ಕ್ಷಣ ಮೇಲೆ ಹರಡಿ ಎತ್ತಿದರೆ ಅದು ಅಂಟಿಕೊಂಡು ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದ ಮರಳನ್ನು ಕೆದಕದೆ, ಮೇಲಿನ ಕಸವನ್ನಷ್ಟೇ ದಿನಕ್ಕೆ ಸ್ವಲ್ಪ ಸ್ವಲ್ಪ ಹೀರಿ ತೆಗೆಯಿರಿ. ಇನ್ನು ಗಂಡು ಮೀನು ನೀರಿನ ಮೇಲೆ ಕಟ್ಟುವ ಗುಳ್ಳೆಗೂಡನ್ನು ನೀರು ಚೆನ್ನಾಗಿರುವುದಕ್ಕೆ ಸಾಕ್ಷಿಯೆಂದು ನಂಬಬೇಡಿ. ಕೊಳೆ ನೀರಿನಲ್ಲೂ ಅದು ಗೂಡು ಕಟ್ಟುತ್ತದೆ.

ತುರ್ತು ಸಂದರ್ಭದಲ್ಲಿ

ಮೀನು ಒದ್ದಾಡುತ್ತಿದ್ದು ಅಮೋನಿಯಾ ಅಥವಾ ನೈಟ್ರೈಟ್ ಏರಿದ್ದು ಕಂಡರೆ, ತಾಪಮಾನ ಹೊಂದಿಸಿ ಕ್ಲೋರಿನ್ ತೆಗೆದ ನೀರಿನಿಂದ ಅರ್ಧ ನೀರನ್ನು ಬದಲಿಸಿ. ಅಮೋನಿಯಾ 2 ಪಿಪಿಎಂ ಇದ್ದದ್ದು 1ಕ್ಕೆ ಇಳಿಯುತ್ತದೆ. ಐದಾರು ಗಂಟೆ ಬಿಟ್ಟು ಮತ್ತೆ ಅರ್ಧ ಬದಲಿಸಿದರೆ 0.5ರ ಆಸುಪಾಸಿಗೆ ಬರುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸುವುದಕ್ಕಿಂತ ಹೀಗೆ ಎರಡು ಕಂತಿನಲ್ಲಿ ಇಳಿಸುವುದು ಮೀನಿಗೆ ಸುಲಭ. ಒಂದೆರಡು ದಿನ ಊಟ ನಿಲ್ಲಿಸಿ, ದೀಪ ಆರಿಸಿ, ಬೌಲಿಗೆ ಬಟ್ಟೆ ಮರೆಮಾಡಿ. ಕಾರಣ ತಿಳಿಯದೆ ಅಂಗಡಿಯ ನೀಲಿ ಔಷಧಿ ಸುರಿಯಬೇಡಿ. ಅದರಲ್ಲಿರುವ ಮೆಥಿಲೀನ್ ಬ್ಲೂ ಶಿಲೀಂಧ್ರದ ಜೊತೆಗೆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಔಷಧಿ ಕೊಡಲೇಬೇಕಾದಾಗ ಮೀನನ್ನು ಬೇರೆ ಡಬ್ಬಕ್ಕೆ ಹಾಕಿ ಅಲ್ಲಿ ಕೊಡಿ.

ಊರಿಗೆ ಹೋಗುವಾಗ

ಹಬ್ಬಕ್ಕೆಂದು ನಾಲ್ಕೈದು ದಿನ ಮನೆ ಬಿಡುವುದಾದರೆ ಆರೋಗ್ಯವಂತ ಮೀನಿಗೆ ಊಟವಿಲ್ಲದಿದ್ದರೂ ನಡೆಯುತ್ತದೆ. ಹೊರಡುವ ಹಿಂದಿನ ದಿನ ಮಾಮೂಲಿನಂತೆ ನೀರು ಬದಲಿಸಿ, ಫಿಲ್ಟರ್ ಮತ್ತು ಹೀಟರಿಗೆ ಕರೆಂಟ್ ತಪ್ಪದಂತೆ ಮನೆಯ ಮೇನ್ ಸ್ವಿಚ್ ಆರಿಸದೆ ಬಿಡಿ. ನಿಧಾನವಾಗಿ ಕರಗುತ್ತದೆಂದು ಮಾರುವ ಬಿಳಿ ಆಹಾರದ ಬಿಲ್ಲೆಗಳನ್ನು ಹಾಕಬೇಡಿ. ಸಣ್ಣ ಬೌಲಿನಲ್ಲಿ ಅವು ನೀರನ್ನು ಕೆಡಿಸುತ್ತವೆ. ವಾರಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರಿಗೆ ಒಂದೊಂದು ದಿನದ ಕಾಳುಗಳನ್ನು ಎಣಿಸಿ, ಚಿಕ್ಕ ಪೊಟ್ಟಣ ಕಟ್ಟಿ, ಮೇಲೆ ದಿನಾಂಕ ಬರೆದು ಕೊಡಿ, ಆಹಾರದ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿ.